ಅಳತೆ ಮಿಲಿಮೀಟರಿನದು, ಮಾತು ಯಾರದು?

ಕನ್ನಡದ ತರುಣ ಮಿತ್ರರೇ,

ಕುಲಶೇಖರದ ನನ್ನ ಪ್ರೆಸ್ಸಿನಲ್ಲಿ ನಾಲ್ಕು ಬಣ್ಣದ ಕೆಲಸ ನಡೆಯುವಾಗ ರಿಜಿಸ್ಟರ್ ಗುರುತು ಚೂರು ತಪ್ಪಿದರೂ ಮದುವೆ ಕಾಗದದ ಗಣಪತಿಗೆ ಎರಡು ಸೊಂಡಿಲು! ಅದಕ್ಕೇ ಮೊದಲ ಹಾಳೆ ತೆಗೆದು, ನೋಡಿ, ಸರಿಪಡಿಸಿ, ಆಮೇಲೆ ಮಿಷನ್ ಬಿಡುತ್ತೇವೆ. ಕೆಟ್ಟ ಹಾಳೆ ರದ್ದಿಗೆ ಹೋಗುತ್ತದೆ. ಮನುಷ್ಯನ ಮೈ?

ಕ್ಯಾನ್ಸರಿಗೆ ವಿಕಿರಣ ಕೊಡುವಲ್ಲಿಯೂ, ಅಂದರೆ ನಮ್ಮ ಜನ ಹೇಳುವ 'ಕರೆಂಟ್' ಕೊಡುವಲ್ಲಿಯೂ, ಇದೇ ಕಥೆ. ಮೊದಲು ಸಿ.ಟಿ. ತೆಗೆದು ಯೋಜನೆ ಹಾಕುತ್ತಾರೆ, ಚರ್ಮದ ಮೇಲೆ ಗುರುತು ಮಾಡುತ್ತಾರೆ. ಆಮೇಲೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ರೋಗಿ ಅದೇ ಭಂಗಿಯಲ್ಲಿ ಮಲಗಬೇಕು. ಗುರುತು ಲೇಸರ್ ಗೆರೆಗೆ ಹೊಂದಿದ ಮಾತ್ರಕ್ಕೆ ಒಳಗಿನ ಅಂಗವೂ ಹೊಂದಿತೆಂದಲ್ಲ. ಹಿಂದೆ ಫಿಲ್ಮ್ ಇಟ್ಟು ಪರೀಕ್ಷಿಸುತ್ತಿದ್ದರು. ಈಗ ಯಂತ್ರಕ್ಕೇ ಜೋಡಿಸಿದ ಎಕ್ಸ್‌ರೇ ಸಾಧನ ರೋಗಿಯ ಸುತ್ತ ತಿರುಗಿ ಒಂದೆರಡು ನಿಮಿಷದಲ್ಲಿ ಒಳಚಿತ್ರ ಕೊಡುತ್ತದೆ. ಇದಕ್ಕೆ ಕೋನ್ ಬೀಮ್ ಸಿ.ಟಿ. ಎಂದು ಹೆಸರು. ಅದನ್ನು ಮೊದಲ ಚಿತ್ರದೊಂದಿಗೆ ತಾಳೆ ನೋಡಿ, ಮಂಚವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತಾರೆ.

ನನ್ನ ಅಕ್ಕನಿಗೆ ಗರ್ಭಕೊರಳಿನ ಕ್ಯಾನ್ಸರ್. ಆಸ್ಪತ್ರೆಯ ಹೆಸರು ಬೇಡ. ಕೈಗೆ ಕೊಟ್ಟದ್ದು ಇಂಗ್ಲಿಷ್ ಹಾಳೆ. ನೀರು ಕುಡಿದು ಮೂತ್ರ ತಡೆದುಕೊಂಡು ಬರಬೇಕೆಂದು ಅದರಲ್ಲಿತ್ತು. ಏಳನೇ ಕ್ಲಾಸು ಕನ್ನಡ ಶಾಲೆಯಲ್ಲಿ ಓದಿದ ಅಕ್ಕ, ಮರ್ಯಾದೆಯ ಹೆಂಗಸು, ಶೌಚಕ್ಕೆ ಹೋಗಿಯೇ ಮಂಚ ಹತ್ತಿದಳು! ಚಿತ್ರದಲ್ಲಿ ಮೂತ್ರಕೋಶ ಬರಿದು, ಗರ್ಭಕೋಶ ಜಾಗ ಬದಲಿಸಿತ್ತು, ಕರುಳು ಕೆಳಗಿಳಿದಿತ್ತು. ಮಂಚ ಸರಿಸಿದರೆ ಹೋಗುವ ತಪ್ಪಲ್ಲ ಅದು. ಇಳಿಸಿ, ನೀರು ಕುಡಿಸಿ, ಮತ್ತೆ ಕಾಯಿಸಿದರು. ತಪ್ಪು ತನ್ನದೇ ಎಂದು ಅಕ್ಕ ಅತ್ತಳು.

ಅಲ್ಲ ಅಕ್ಕಾ, ತಪ್ಪು ನಿನ್ನದಲ್ಲ!

ನಮ್ಮ ಜಗಳ ಯಂತ್ರದ ಮೇಲಲ್ಲ, ವೈದ್ಯರ ಮೇಲಲ್ಲ. ಆ ಚಿತ್ರವೇ ಅಂದು ಅಕ್ಕನನ್ನು ಕಾಪಾಡಿತು. ಆದರೆ ಚಿತ್ರ ತಪ್ಪನ್ನು ತೋರಿಸಬಲ್ಲದು, ರೋಗಿಗೆ ವಿಷಯ ತಿಳಿಸಲಾರದು. ತಿಳಿಸಬೇಕಾದದ್ದು ಮಾತು. ಆ ಮಾತು ಕನ್ನಡದಲ್ಲಿರಲಿ ಎಂದರೆ ಅದು ದುರಭಿಮಾನವೇ? ಅದು ಚಿಕಿತ್ಸೆಯ ಒಂದು ಭಾಗ!

1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ಊರು ಇದು. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದ ಊರು ಇದು. ಅದರ ಮರುವರ್ಷ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದ. ಅಷ್ಟು ಹಳೆಯ ಅಚ್ಚಿನ ಊರಿನಲ್ಲಿ, ಕಾಸರಗೋಡಿನ ಕನ್ನಡಿಗರೂ ಚಿಕಿತ್ಸೆಗೆ ಬರುವ ಊರಿನಲ್ಲಿ, ಒಂದು ಪುಟ ಕನ್ನಡಕ್ಕೆ ಬರವೇ?

ತರುಣರೇ, ಘೋಷಣೆ ಕೂಗಿ ಮನೆಗೆ ಹೋಗಬೇಡಿ. ವಿಕಿರಣ ವಿಭಾಗಗಳಿಗೆ ಹೋಗಿ, ವಿನಯದಿಂದ ಕೇಳಿ. ಎಷ್ಟು ನೀರು, ಯಾವಾಗ ಕುಡಿಯಬೇಕು? ಚರ್ಮದ ಗುರುತು ಅಳಿಸಬಾರದೇಕೆ? ಚಿತ್ರ ತೆಗೆಯುವಾಗ ಅಲುಗಾಡಬಾರದೇಕೆ? ನೋವಾದರೆ ಹೇಗೆ ತಿಳಿಸುವುದು? ಇಷ್ಟನ್ನು ಕನ್ನಡದಲ್ಲಿ ಬರೆಯಿರಿ, ವೈದ್ಯರಿಂದ ತಿದ್ದಿಸಿ ತನ್ನಿ.

ಅಚ್ಚು ನನ್ನದು, ಕಾಗದವೂ ನನ್ನದು. ಒಂದು ಪೈಸೆ ಬೇಡ.

ಸಿರಿಗನ್ನಡಂ ಗೆಲ್ಗೆ!