ಟಿ.ಸಿ. ಕೇಳುವ ಸಿ.ಡಿ.

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನೀಗ ಐವತ್ತು ದಾಟಿದ ಗೃಹಸ್ಥ. ಆದರೆ ನನ್ನೊಡನೆ ಮಾತನಾಡುವಾಗ ಇನ್ನೂ ಏಳನೆಯ ತರಗತಿಯ ಹುಡುಗನೇ. ಮನೆಗೆ ಬಣ್ಣ ಹೊಡೆಸಲೆಂದು ಅಟ್ಟವನ್ನು ಖಾಲಿ ಮಾಡುವಾಗ ವಿಂಡೋಸ್ 7ರ ಪೆಟ್ಟಿಗೆಯೊಂದು ಸಿಕ್ಕಿತಂತೆ. ಅದರ ಮೇಲೆ ‘ಅಪ್‌ಗ್ರೇಡ್’ ಎಂದು ಅಚ್ಚಾಗಿದೆ. “ಮೇಷ್ಟ್ರೇ, 2010ರಲ್ಲಿ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ಹೊಸದು ಹಾಕಿಸಿ, ಎಲ್ಲೋ ಓದಿದ ಒಂದು ಉಪಾಯದಿಂದ ಈ ಅಪ್‌ಗ್ರೇಡ್ ಡಿಸ್ಕಿನಲ್ಲೇ ವಿಂಡೋಸ್ ಹಾಕಿಕೊಂಡೆ. ಅದು ಕಳ್ಳತನವಾಯಿತೇ?” ಎಂದು ಕೇಳಿದ.

ಇಷ್ಟು ವರ್ಷಗಳ ಮೇಲೆ ಇದೆಂಥ ಪ್ರಶ್ನೆ ಎಂದು ಮೊದಲು ನಗು ಬಂತು. ಆಮೇಲೆ ಯೋಚಿಸುತ್ತ ಕುಳಿತವನಿಗೆ ನಗು ಉಳಿಯಲಿಲ್ಲ. ಅವನಿಗೆ ಫೋನಿನಲ್ಲಿ ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಪ್ಯೂಟರಿನ ಸಹವಾಸ ಅಷ್ಟಾಗಿ ಇಲ್ಲದ ನಮ್ಮ ಬಂಧುಗಳಿಗಾಗಿ ಎರಡು ಮಾತು. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ, ವಿಂಡೋಸ್ ಅಂಥದ್ದೊಂದು. ಅದು ಅಂಗಡಿಯಲ್ಲಿ ಪೆಟ್ಟಿಗೆಯಾಗಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಎರಡು ಬಗೆಯ ಪೆಟ್ಟಿಗೆಗಳಿದ್ದವು. ಒಂದು ಪೂರ್ಣ ಆವೃತ್ತಿ, ಬೆಲೆ ಹೆಚ್ಚು. ಇನ್ನೊಂದು ಅಪ್‌ಗ್ರೇಡ್, ಹಳೆಯ ವಿಂಡೋಸನ್ನು ಹಣ ಕೊಟ್ಟು ಪಡೆದವರಿಗೆ ಮಾತ್ರ ಸಲ್ಲುವಂಥದು, ಆದ್ದರಿಂದ ಬೆಲೆ ಕಡಿಮೆ. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಬಾಗಿಲಲ್ಲಿ ಕೇಳುವ ಪ್ರಶ್ನೆಯಲ್ಲಿ.

ಅಪ್‌ಗ್ರೇಡನ್ನು ಹಳೆಯದರ ಮೇಲೆಯೇ ಹಾಕಿಕೊಳ್ಳಬಹುದಿತ್ತು. ಆದರೆ ಸುಣ್ಣ ಬಳಿಯುವವರನ್ನು ಕೇಳಿ ನೋಡಿ: ಹಳೆಯ ಸುಣ್ಣ ಹಕ್ಕಳೆಯೆದ್ದ ಗೋಡೆಯ ಮೇಲೆ ಹೊಸ ಸುಣ್ಣ ಬಳಿದರೆ ಎಷ್ಟು ದಿನ ನಿಲ್ಲುತ್ತದೆ? ಮೊದಲು ಕೆರೆಯಬೇಕು. ಹಾಗೆಯೇ ನಾಲ್ಕಾರು ವರ್ಷ ನಾನಾ ತಂತ್ರಾಂಶಗಳನ್ನು ಹಾಕಿ ತೆಗೆದು ರಗಳೆಯಾದ ಯಂತ್ರದಲ್ಲಿ, ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ಮೇಲು. ತೊಡಕು ಇರುವುದೇ ಇಲ್ಲಿ. ಹಳೆಯ ವಿಂಡೋಸ್ ಇದ್ದವರಿಗೆ ಮಾತ್ರ ಎಂಬ ಡಿಸ್ಕನ್ನು, ಹಳೆಯದನ್ನು ಅಳಿಸಿದ ಮೇಲೆ ಹಾಕುವುದು ಹೇಗೆ?

ನನಗೆ ಈ ಪ್ರಶ್ನೆ ಎದುರಾದದ್ದು 2003ರ ಬೇಸಿಗೆಯಲ್ಲಿ. ನಮ್ಮ ಮನೆಯ ಯಂತ್ರದಲ್ಲಿ ವಿಂಡೋಸ್ 98 ಇತ್ತು. ತಮ್ಮನ ಮಗ ಊರಿಗೆ ಬರುವಾಗ ವಿಂಡೋಸ್ ಎಕ್ಸ್‌ಪಿಯ ಅಪ್‌ಗ್ರೇಡ್ ಸಿ.ಡಿ. ತಂದಿದ್ದ. “ದೊಡ್ಡಪ್ಪ, ಎಲ್ಲ ಅಳಿಸಿಯೇ ಹಾಕೋಣ” ಎಂದ. ಸಿ.ಡಿ.ಯಿಂದಲೇ ಯಂತ್ರವನ್ನು ಚಾಲೂ ಮಾಡಿದೆವು. ಸ್ವಲ್ಪ ಹೊತ್ತಿಗೆ ನೀಲಿ ಪರದೆಯ ಮೇಲೆ ಒಕ್ಕಣೆ ಬಂತು: ಹಿಂದಿನ ವಿಂಡೋಸ್ ಇಲ್ಲಿ ಕಾಣುತ್ತಿಲ್ಲ, ನೀವು ಅರ್ಹರೆಂದು ತಿಳಿಯಬೇಕಾದರೆ 98, ಎಂ.ಇ., ಎನ್‌.ಟಿ. 4.0 ಅಥವಾ 2000ದ ಸಿ.ಡಿ. ಹಾಕಿ ತೋರಿಸಿ ಎಂದು. ಹುಡುಗ ಕಂಗಾಲಾದ. ನನಗೆ ಮಾತ್ರ ಬಹಳ ಪರಿಚಿತವಾದ ದನಿ ಕೇಳಿದಂತಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರತಿ ಜೂನ್ ತಿಂಗಳಲ್ಲಿ ಶಾಲೆಯ ಮೇಜಿನ ಹಿಂದೆ ಕುಳಿತು ನಾನು ಕೇಳುತ್ತಿದ್ದದ್ದೂ ಅದನ್ನೇ: “ಟಿ.ಸಿ. ತಂದಿದ್ದೀರಾ?”

98ರ ಸಿ.ಡಿ. ಬೀರುವಿನಲ್ಲಿ ನನ್ನ ಅಂಕಪಟ್ಟಿಗಳ ಜೊತೆ ಭದ್ರವಾಗಿತ್ತು. ಹಾಕಿ ತೋರಿಸಿದೆವು. ಯಂತ್ರ ಓದಿತು, ಒಪ್ಪಿತು, ಮತ್ತೆ ತನ್ನ ಸಿ.ಡಿ.ಯನ್ನು ಕೇಳಿತು, ಮುಂದುವರಿಯಿತು. ಎಕ್ಸ್‌ಪಿಯ ಈ ಕ್ರಮದಲ್ಲಿ ನನಗೆ ಯಾವ ತಕರಾರೂ ಇಲ್ಲ. ಟಿ.ಸಿ. ಇದ್ದವನಿಗೆ ಐದು ನಿಮಿಷದ ಕೆಲಸ.

(ಅಳಿಸಿ ಹಾಕಿದ್ದರ ದಂಡ ಬೇರೆಯೇ ಇತ್ತು. ಅಮ್ಮ ಹೇಳಿ ಬರೆಸಿದ್ದ ಹಸೆಯ ಹಾಡುಗಳನ್ನೂ ಮದುವೆ ಹಾಡುಗಳನ್ನೂ ನಾನು ಬೆರಳಚ್ಚಿಸಿ ಡಿಸ್ಕಿನ ಎರಡನೆಯ ಭಾಗದಲ್ಲಿಟ್ಟಿದ್ದೆ. ಕಡತಗಳೇನೋ ಉಳಿದವು, ಆದರೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು! ಆ ಕಾಲದ ಕನ್ನಡ ತಂತ್ರಾಂಶಗಳ ಅಕ್ಷರಗಳು ಆಯಾ ಫಾಂಟಿನೊಡನೆ ಮಾತ್ರ ಜೀವಿಸುತ್ತಿದ್ದವು. ಫಾಂಟು ಹಳೆಯ ವಿಂಡೋಸಿನ ಜೊತೆಗೇ ಅಳಿಸಿಹೋಗಿತ್ತು. ಅದನ್ನು ಮತ್ತೆ ಹಾಕುವವರೆಗೆ ಅಮ್ಮನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವಿತ್ತು, ತುಂಗಾ ಎಂಬ ಫಾಂಟೂ ಇತ್ತು. ಆದರೆ ಭಾಷಾ ಆಯ್ಕೆಗಳಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಮತ್ತೊಮ್ಮೆ ಸಿ.ಡಿ. ತೋರಿಸಿದ ಮೇಲೆಯೇ ಅದು ಸರಿಯಾಗಿ ಕಾಣಿಸಿಕೊಂಡದ್ದು. ಅಳಿಸುವ ಮುನ್ನ ಫಾಂಟುಗಳನ್ನು ತೆಗೆದಿಟ್ಟುಕೊಳ್ಳದಿದ್ದದ್ದು ನನ್ನದೇ ತಪ್ಪು.)

2007ರ ಜನವರಿ 30ರಂದು ವಿಸ್ಟಾ ಮಾರುಕಟ್ಟೆಗೆ ಬಂದಾಗ ಮೈಕ್ರೋಸಾಫ್ಟ್ ಈ ಕ್ರಮವನ್ನೇ ಬದಲಾಯಿಸಿತು. ಈಗ ಹಳೆಯ ಡಿಸ್ಕನ್ನು ತೋರಿಸಿದರೆ ಸಾಲದು. ಹಳೆಯ ವಿಂಡೋಸ್ ಯಂತ್ರದಲ್ಲಿ ನಡೆಯುತ್ತಿರಬೇಕು, ಅದರೊಳಗಿನಿಂದಲೇ ಹೊಸದನ್ನು ಆರಂಭಿಸಬೇಕು. ಟಿ.ಸಿ. ಬೇಡ, ಹಳೆಯ ಶಾಲೆಯ ಕಟ್ಟಡವನ್ನೇ ಹೊತ್ತುಕೊಂಡು ಬಾ ಎಂದಂತೆ! ಹಾರ್ಡ್ ಡಿಸ್ಕ್ ಕೆಟ್ಟವನು ಮೊದಲು ಎಕ್ಸ್‌ಪಿ ಹಾಕಿ, ಆಮೇಲೆ ಅದರ ಮೇಲೆ ವಿಸ್ಟಾ ಹಾಕಬೇಕಾಯಿತು.

ಜನ ಸುಮ್ಮನಿರುತ್ತಾರೆಯೇ? ಕೆಲವೇ ವಾರಗಳಲ್ಲಿ ಉಪಾಯ ಹೊರಬಂತು. ವಿಸ್ಟಾವನ್ನು ಸಂಖ್ಯೆ ಕೊಡದೆ ಹಾಕಿದರೆ ಅದು 30 ದಿನ ಪರೀಕ್ಷಾರ್ಥವಾಗಿ ನಡೆಯುತ್ತಿತ್ತು. ಹಾಗೆ ಖಾಲಿ ಡಿಸ್ಕಿನ ಮೇಲೆ ಒಮ್ಮೆ ಹಾಕುವುದು. ಅದರೊಳಗಿನಿಂದ ಅದೇ ಡಿಸ್ಕನ್ನು ಮತ್ತೆ ಓಡಿಸಿ, ಈ ಬಾರಿ ಸಂಖ್ಯೆ ಕೊಟ್ಟು, ಅಪ್‌ಗ್ರೇಡ್ ಎಂದು ಆರಿಸುವುದು. ಮೊದಲ ದಿನ ಅತಿಥಿಯಾಗಿ ತರಗತಿಯಲ್ಲಿ ಕುಳಿತ ಹುಡುಗ ಮರುದಿನ, “ನಾನು ಇದೇ ಶಾಲೆಯಿಂದ ಬಂದವನು, ಸೇರಿಸಿಕೊಳ್ಳಿ” ಎಂದಂತೆ. ಶಾಲೆ ಸೇರಿಸಿಕೊಂಡಿತು!

2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7ರಲ್ಲೂ ಈ ಎರಡು ಬಾರಿ ಹಾಕುವ ದಾರಿ ನಡೆಯಿತು. ನನ್ನ ವಿದ್ಯಾರ್ಥಿ ಹಿಡಿದದ್ದು ಅದಕ್ಕಿಂತ ಹತ್ತಿರದ ದಾರಿ. ರಿಜಿಸ್ಟ್ರಿ ಎಂಬ ಒಳಗಿನ ದಾಖಲೆ ಪುಸ್ತಕದಲ್ಲಿ ‘ಮೀಡಿಯಾಬೂಟ್‌ಇನ್‌ಸ್ಟಾಲ್’ ಎಂಬ ಒಂದು ನಮೂದು. ಖಾಲಿ ಡಿಸ್ಕಿನ ಮೇಲೆ ಹಾಕಿದ್ದರೆ ಅದರ ಬೆಲೆ 1. ಅದನ್ನು 0 ಮಾಡಿ, ಒಂದು ಆದೇಶ ಕೊಟ್ಟು, ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಸಂಖ್ಯೆ ಒಪ್ಪಿತವಾಗುತ್ತಿತ್ತು. ಅವನನ್ನು ಇಷ್ಟು ವರ್ಷ ಕಾಡಿದ್ದು ಈ ಅಂಕಿ ತಿದ್ದುವ ಕೆಲಸವೇ. ಅದಕ್ಕೆ ನಾನೂ ಹೊಣೆ. ಏಳನೆಯ ತರಗತಿಯಲ್ಲಿ ಅಂಕಪಟ್ಟಿ ತಿದ್ದಿದ ಒಬ್ಬನನ್ನು ಇವರೆಲ್ಲರ ಎದುರಿಗೆ ನಾನು ಹೇಗೆ ಬೈದಿದ್ದೆನೆಂದು ಅವನಿಗೆ ನೆನಪಿರಬೇಕು.

ನನ್ನ ಅಭಿಪ್ರಾಯ ಇಷ್ಟು. ಅಪ್‌ಗ್ರೇಡ್ ಬೆಲೆಗೆ ಕೊಂಡವನ ಹಕ್ಕು ಇರುವುದು ಡಿಸ್ಕಿನಲ್ಲೂ ಅಲ್ಲ, ರಿಜಿಸ್ಟ್ರಿಯ ಅಂಕಿಯಲ್ಲೂ ಅಲ್ಲ; ಅವನು ಹಿಂದೆ ಹಣ ಕೊಟ್ಟು ಪಡೆದ ಪರವಾನಗಿಯಲ್ಲಿ. ಅದು ಇದ್ದವನು ಯಾವ ಬಾಗಿಲಿನಿಂದ ಒಳಗೆ ಬಂದರೂ ಕಳ್ಳನಲ್ಲ. ಅದಿಲ್ಲದವನು ಅದೇ ಉಪಾಯ ಮಾಡಿದರೆ, ಯಂತ್ರ ಒಪ್ಪಿದರೂ ಅದು ಕಳ್ಳತನವೇ. ಎರಡೂ ಸಂದರ್ಭಗಳಲ್ಲಿ ಒತ್ತಿದ ಕೀಲಿಗಳು ಒಂದೇ ಎನ್ನುವುದು ಮುಖ್ಯವಲ್ಲ. “ಅಷ್ಟು ದೊಡ್ಡ ಕಂಪೆನಿಗೆ ಇದರಿಂದೇನು ನಷ್ಟ” ಎನ್ನುವವರು, ಟಿಕೆಟ್ ತೆಗೆದುಕೊಳ್ಳದೆ ಬಸ್ಸಿನಲ್ಲಿ ಬಂದು ನನ್ನೆದುರು ಇದೇ ವಾದ ಹೂಡಿದ್ದ ಹುಡುಗರನ್ನು ನೆನಪಿಸುತ್ತಾರೆ. ಇನ್ನೊಂದು ಮಾತು: ಅಪ್‌ಗ್ರೇಡ್ ಮಾಡಿದ ಮೇಲೆ ಹಳೆಯದನ್ನು ಬೇರೆ ಯಂತ್ರಕ್ಕೆ ಹಾಕಿ ಬಂಧುಗಳಿಗೆ ಕೊಡುವಂತಿಲ್ಲ. ಹಾಗೆ ಕೊಟ್ಟ ಒಳ್ಳೆಯ ಮನುಷ್ಯರನ್ನು ಬಹಳ ಜನರನ್ನು ನಾನು ಬಲ್ಲೆ. ಟಿ.ಸಿ. ಪಡೆದ ಮಗುವಿನ ಹೆಸರು ಎರಡು ಶಾಲೆಗಳ ಹಾಜರಿ ಪುಸ್ತಕದಲ್ಲಿ ಇರಲು ಬರುವುದಿಲ್ಲ.

ಆದರೆ ತಪ್ಪು ಒಂದೇ ಕಡೆಯದಲ್ಲ. ಹಕ್ಕಿದ್ದವನಿಂದ ಅವನು ತರಲಾಗದ ಪುರಾವೆಯನ್ನು ಕೇಳುವ ನಿಯಮ, ಪ್ರಾಮಾಣಿಕನನ್ನು ಹಿತ್ತಲ ಬಾಗಿಲಿಗೆ ಅಟ್ಟುತ್ತದೆ. ಅಥವಾ ಅವನು ಹಿತ್ತಲಿಗೂ ಹೋಗದೆ ಹಿಂದಿರುಗಿಬಿಡುತ್ತಾನೆ. ಇದನ್ನು ನಾನು ಕಂಪ್ಯೂಟರಿನಿಂದ ಕಲಿತದ್ದಲ್ಲ.

1987ರ ಜೂನ್. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದುದರಿಂದ ದಾಖಲಾತಿ ನನ್ನ ಕೈಯಲ್ಲಿತ್ತು. ಬಯಲುಸೀಮೆಯಿಂದ ರಸ್ತೆ ಕೆಲಸಕ್ಕೆ ಬಂದಿದ್ದ ತಾಯಿಯೊಬ್ಬಳು ಮಗನನ್ನು ಕರೆತಂದಳು. ಐದನೆಯ ತರಗತಿಗೆ ಸೇರಬೇಕು. ಟಿ.ಸಿ. ಇಲ್ಲ, ಊರು ದೂರ, ಹೋಗಿ ತರಲು ಕೂಲಿ ಬಿಡಬೇಕು. ನಾನು ಮೇಜಿನ ಮೇಲಿದ್ದ ಪಾಠಪುಸ್ತಕ ಕೊಟ್ಟು ಓದು ಎಂದೆ. ಹುಡುಗ ಒಂದು ಪುಟವನ್ನು ಎಲ್ಲಿಯೂ ತಡವರಿಸದೆ ಓದಿದ. ಅವನು ಶಾಲೆಗೆ ಹೋದವನು ಎನ್ನಲು ಅದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಆದರೂ ನಾನು, “ಟಿ.ಸಿ. ತಂದುಬಿಡಮ್ಮ, ಆಮೇಲೆ ಸೇರಿಸಿಕೊಳ್ಳೋಣ” ಎಂದೆ. ಆಕೆ ಹೂಂ ಎಂದು ತಲೆಯಾಡಿಸಿ ಮಗನ ಕೈ ಹಿಡಿದುಕೊಂಡು ಹೊರಟಳು. ಎರಡು ವಾರ ಕಾದೆ. ರಸ್ತೆ ಕೆಲಸ ಮುಂದಿನ ಊರಿಗೆ ಸರಿಯಿತು. ಅವರು ಬರಲಿಲ್ಲ. ನನ್ನ ಕಡತದಲ್ಲಿ ಒಂದೂ ತಪ್ಪಿರಲಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಐದನೆಯ ಕಲಮು, ಟಿ.ಸಿ. ತಡವಾಯಿತೆಂದು ಮಗುವಿನ ಪ್ರವೇಶವನ್ನು ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ ಎನ್ನುತ್ತದೆ. ಅಷ್ಟರಲ್ಲಿ ನಾನು ನಿವೃತ್ತನಾಗಿ ಒಂಬತ್ತು ವರ್ಷವಾಗಿತ್ತು. ವಿಂಡೋಸಿನವರಿಗೂ ಬುದ್ಧಿ ಬಂದದ್ದು ನಿಧಾನವಾಗಿಯೇ. 2015ರ ಜುಲೈನಲ್ಲಿ ವಿಂಡೋಸ್ 10ನ್ನು ಉಚಿತ ಅಪ್‌ಗ್ರೇಡಾಗಿ ಕೊಟ್ಟಾಗಲೂ, ಮೊದಲು ಹಳೆಯದರ ಮೇಲೆ ಹಾಕಿ ನೋಂದಾಯಿಸಿದವರಿಗಷ್ಟೇ ಆಮೇಲೆ ಅಳಿಸಿ ಹಾಕುವ ಅವಕಾಶವಿತ್ತು. ಅದೇ ನವೆಂಬರಿನ ಪರಿಷ್ಕರಣೆಯ ನಂತರ 7 ಅಥವಾ 8.1ರ ಸಂಖ್ಯೆಯನ್ನು ಕೊಟ್ಟರೆ ಖಾಲಿ ಡಿಸ್ಕಿನ ಮೇಲೂ ನೇರವಾಗಿ ಒಪ್ಪತೊಡಗಿತು. ಆ ಬಾಗಿಲನ್ನೂ ಮುಚ್ಚುವುದಾಗಿ 2023ರಲ್ಲಿ ಪ್ರಕಟಿಸಿದರು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ. ನಾನು ಅವನನ್ನು ಕೇಳಿದ್ದು ಒಂದೇ: “ಆ ಯಂತ್ರದಲ್ಲಿ ಮೊದಲು ಏನಿತ್ತು?” ಕೊಂಡಾಗಲೇ ಎಕ್ಸ್‌ಪಿ ಹಾಕಿ ಕೊಟ್ಟಿದ್ದರಂತೆ, ಡಿಸ್ಕು ಕೊಟ್ಟಿರಲಿಲ್ಲ. ಪರವಾನಗಿಯ ಚೀಟಿ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿತ್ತು, ಬಿಲ್ಲೂ ಇತ್ತು ಎಂದ. “ಹಾಗಾದರೆ ನೀನು ಕಳ್ಳನಲ್ಲ, ಹೋಗಿ ಊಟ ಮಾಡು” ಎಂದೆ. ಮರುದಿನ ಅವನಿಂದ ಒಂದು ಛಾಯಾಚಿತ್ರ ಬಂತು: ಧೂಳು ಹಿಡಿದ ಹಳೆಯ ಕಂಪ್ಯೂಟರಿನ ಹಿಂಬದಿ, ಅದರ ಮೇಲೆ ಅರ್ಧ ಅಳಿಸಿದ ಚೀಟಿ. ನಾನು ಕೇಳಿರಲಿಲ್ಲ.