ಅಕ್ಕಲಕೋಟೆಯ ಮಗು ಏಕೆ ಬಾಯಿ ಬಿಡುವುದಿಲ್ಲ?

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ತರಗತಿಯಲ್ಲಿ ತುಟಿ ಬಿಚ್ಚದಿದ್ದರೆ ದಡ್ಡ ಎಂದು ಷರಾ ಬರೆದುಬಿಡುತ್ತೇವೆ. ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಮನೆಗಳಿಂದ ನೇರ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಸೇರುವ ಮಕ್ಕಳ ಮಟ್ಟಿಗೆ ಇದು ಅನ್ಯಾಯದ ಷರಾ. ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಅವರ ಅರ್ಧ ಶತಮಾನದ ಕೆಲಸ ಇದನ್ನು ಬೇರೆಯಾಗಿ ನೋಡಲು ಕಲಿಸುತ್ತದೆ. 1967ರಲ್ಲಿ ಅವರೂ ಸ್ಟೀವನ್ ಮೇಯರ್ ಅವರೂ ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಒಂದು ಗುಂಪಿನ ನಾಯಿ ತಲೆಯಿಂದ ಹಲಗೆ ಒತ್ತಿದರೆ ಆಘಾತ ನಿಲ್ಲುತ್ತಿತ್ತು. ಇನ್ನೊಂದು ಗುಂಪಿನದು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಗಿಡ್ಡ ಅಡ್ಡಗೋಡೆಯ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲಿನವು ಹಾರಿ ಪಾರಾದವು. ಎರಡನೆಯವುಗಳಲ್ಲಿ ಹೆಚ್ಚಿನವು ಕುಂಯ್‌ಗುಡುತ್ತ ಮಲಗಿಬಿಟ್ಟವು. ಅಸಹಾಯಕತೆಯನ್ನು ಅವು ಕಲಿತವು ಎಂದರು ಇಬ್ಬರೂ. ಆದರೆ 2016ರಲ್ಲಿ, ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟು, ಹೆಸರು ತಂದ ಆ ಸಿದ್ಧಾಂತವನ್ನು ತಾವೇ ತಿರುಗಿಸಿ ಹಾಕಿದರು: ದೀರ್ಘ ಸಂಕಟದಲ್ಲಿ ಕೈಚೆಲ್ಲುವುದು ಹುಟ್ಟುಗುಣ, ಕಲಿಯಬೇಕಾದದ್ದು ತನ್ನ ಪ್ರಯತ್ನದಿಂದ ಏನಾದರೂ ಬದಲಾಗುತ್ತದೆ ಎಂಬುದನ್ನು. ತರಗತಿಯಲ್ಲಿ ತುಟಿ ಬಿಚ್ಚದ ಮಗುವಿಗೂ ಈ ಮಾತು ಸಲ್ಲುತ್ತದೆ.

ನಾಯಿಯ ಪ್ರಯೋಗದಿಂದ ಮಕ್ಕಳ ಬಗ್ಗೆ ತೀರ್ಮಾನಿಸಬಹುದೇ ಎಂಬ ಆಕ್ಷೇಪ ಸಹಜ. ಆದರೆ 1974ರಲ್ಲಿ ಮನೋವಿಜ್ಞಾನಿ ಡೊನಾಲ್ಡ್ ಹಿರೋಟೊ ಕಾಲೇಜು ವಿದ್ಯಾರ್ಥಿಗಳಿಗೆ ನಿಲ್ಲಿಸಲಾಗದ ಕರ್ಕಶ ಸದ್ದು ಕೇಳಿಸಿದಾಗ, ಮುಂದೆ ನಿಲ್ಲಿಸಲು ಸಾಧ್ಯವಿದ್ದಾಗಲೂ ಅವರಲ್ಲಿ ಅನೇಕರು ಸುಮ್ಮನೆ ಕುಳಿತರು. ತರಗತಿ ಪ್ರಯೋಗಶಾಲೆಯಲ್ಲ, ನಿಜ. ಆದರೂ ಉತ್ತರ ಗೊತ್ತಿದ್ದು, ಅದನ್ನು ಕನ್ನಡದಲ್ಲಿ ಹೇಳಿದರೆ ಲೆಕ್ಕಕ್ಕೇ ಬಾರದ ಆರು ವರ್ಷದ ಮಗುವಿಗೆ ತನ್ನ ಪ್ರಯತ್ನ ಫಲಿಸುವ ಅನುಭವ ಎಲ್ಲಿಂದ ಬರಬೇಕು? ‘ಧೈರ್ಯವಾಗಿ ಮಾತಾಡು’ ಎಂಬ ಬುದ್ಧಿಮಾತೂ ಸಾಲದು. ಆ ನಾಯಿಗಳನ್ನೂ ಕರೆದು, ಪುಸಲಾಯಿಸಿ ಫಲವಾಗಲಿಲ್ಲ. ಹಗ್ಗ ಹಿಡಿದು ಮತ್ತೆ ಮತ್ತೆ ಆಚೆ ದಾಟಿಸಿದ ಮೇಲೆಯೇ ತಾವಾಗಿ ಹಾರಿದವು.

ಮಗು ಮೊದಲು ಕನ್ನಡದಲ್ಲೇ ಕಲಿಯಲಿ ಎಂದರೆ, ಮಹಾರಾಷ್ಟ್ರದಲ್ಲಿ ಬಾಳುವವರಿಗೆ ಮರಾಠಿ ಬೇಡವೇ ಎಂದು ಕೇಳುವವರ ಕಾಳಜಿಯೂ ನ್ಯಾಯವಾದದ್ದೇ. ಖಂಡಿತ ಬೇಕು. ರಾಜ್ಯದ 2020ರ ಕಾಯ್ದೆ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡಿದೆ. ಹಾಗಾಗಿ ಕನ್ನಡ ಶಾಲೆಗೆ ಹೋದ ಮಗು ಮರಾಠಿಯಿಂದ ವಂಚಿತವಾಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಿ ಎಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕಗಳಿವೆ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಆ ಶಾಲೆಗಳಲ್ಲಿ ತೆರವಾಗುವ ಪ್ರತಿ ಹುದ್ದೆಗೂ ಕನ್ನಡ ಚೆನ್ನಾಗಿ ಬಲ್ಲ ಶಿಕ್ಷಕರನ್ನೇ ನೇಮಿಸಬೇಕು. ಮರಾಠಿ ಶಾಲೆಯ ಒಂದು, ಎರಡನೇ ತರಗತಿಯಲ್ಲೂ ಮಗು ಕನ್ನಡದಲ್ಲಿ ಕೊಟ್ಟ ಸರಿಯುತ್ತರವನ್ನು ಸರಿಯೆಂದೇ ಒಪ್ಪಬೇಕು.