ಡೂಮ್ ಗೇಮ್‌ನಲ್ಲಿ ಕೊಲಂಬೈನ್ ಶಾಲೆಯ ಮ್ಯಾಪ್ ಇತ್ತೇ? ‘ಸೆಕ್ಟರ್’ ಅರ್ಥವಾದರೆ ವದಂತಿಯೂ ಅರ್ಥವಾಗುತ್ತದೆ

“ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗ, ಮೊದಲೇ ಅದೇ ಶಾಲೆಯನ್ನು ವಿಡಿಯೊ ಗೇಮ್‌ನಲ್ಲಿ ಕಟ್ಟಿ ಅಭ್ಯಾಸ ಮಾಡಿದ್ದ.” ಇದು 25 ವರ್ಷಕ್ಕೂ ಹಳೆಯ ವದಂತಿ.

1999ರ ಏಪ್ರಿಲ್ 20ರಂದು ಅಮೆರಿಕದ ಕೊಲರಾಡೊ ರಾಜ್ಯದ ಕೊಲಂಬೈನ್ ಹೈಸ್ಕೂಲ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಆ ಇಬ್ಬರಲ್ಲಿ ಒಬ್ಬ ‘ಡೂಮ್’ ಗೇಮ್‌ಗೆ ಮ್ಯಾಪ್‌ಗಳನ್ನು ತಯಾರಿಸುತ್ತಿದ್ದ ಎಂಬುದು ನಿಜ. ಆದರೆ ಶಾಲೆಯ ಮ್ಯಾಪ್ ಮಾಡಿದ್ದನೇ? ಇದಕ್ಕೆ ಉತ್ತರ ಹುಡುಕುವ ಮೊದಲು ಡೂಮ್ ಮ್ಯಾಪ್ ಹೇಗೆ ತಯಾರಾಗುತ್ತದೆ ಎಂದು ನೋಡೋಣ.

ಸೆಕ್ಟರ್ ಎಂದರೇನು?

ಐಡಿ ಸಾಫ್ಟ್‌ವೇರ್ ಕಂಪನಿ ಡೂಮ್ ಗೇಮನ್ನು 1993ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಮರುವರ್ಷವೇ ಆಟಗಾರರು ಹೊಸ ಮ್ಯಾಪ್ ರಚಿಸಲು ತಾವೇ ಎಡಿಟರ್‌ಗಳನ್ನು ಬರೆದರು. ಎಡಿಟರ್ ತೆರೆದರೆ ಕಾಣುವುದು ಮನೆಯ ಪ್ಲಾನ್‌ನಂಥ, ಮೇಲಿನಿಂದ ನೋಡಿದ ಗೆರೆಗಳ ಚಿತ್ರ. ಗೆರೆಗಳು ಸುತ್ತುವರಿದ ಜಾಗವೇ ಸೆಕ್ಟರ್. ಪ್ರತಿ ಸೆಕ್ಟರ್‌ಗೂ ನೆಲ ಎಷ್ಟು ಎತ್ತರ, ಚಾವಣಿ ಎಷ್ಟು ಎತ್ತರ, ಬೆಳಕು ಎಷ್ಟು (0ಯಿಂದ 255ರವರೆಗೆ) ಎಂದು ಹೇಳಬೇಕು.

ಮೆಟ್ಟಿಲು ಬೇಕೇ? ಸಾಲಾಗಿ ಸೆಕ್ಟರ್‌ಗಳನ್ನು ಮಾಡಿ, ಒಂದೊಂದರ ನೆಲವನ್ನೂ ಹಿಂದಿನದಕ್ಕಿಂತ ತುಸು ಎತ್ತರಿಸಿದರೆ ಆಯಿತು. ಬಾಗಿಲು ಎಂದರೆ ಚಾವಣಿ ನೆಲಕ್ಕೆ ತಾಗಿರುವ ಕಿರಿದಾದ ಸೆಕ್ಟರ್. ಚಾವಣಿ ಮೇಲೇರಿದರೆ ಬಾಗಿಲು ತೆರೆಯುತ್ತದೆ. ನೆಲವೇ ಏರಿಳಿದರೆ ಅದು ಲಿಫ್ಟ್.

ಇಲ್ಲೊಂದು ಮಿತಿ ಇದೆ. ಒಂದು ಸೆಕ್ಟರ್‌ಗೆ ಒಂದೇ ನೆಲ, ಒಂದೇ ಚಾವಣಿ. ಹಾಗಾಗಿ ಮೂಲ ಡೂಮ್‌ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟಲು ಆಗುವುದಿಲ್ಲ. ಕೊಲಂಬೈನ್‌ನಲ್ಲಿ ಗ್ರಂಥಾಲಯ ಇದ್ದದ್ದು ಕೆಫೆಟೇರಿಯಾದ ಮೇಲೆಯೇ. ಅಂಥ ಕಟ್ಟಡವನ್ನು ಇದ್ದ ಹಾಗೆಯೇ ಈ ಗೇಮ್‌ಗೆ ತರುವುದು ಸಾಧ್ಯವಿರಲಿಲ್ಲ.

ಇಷ್ಟೇ ಸಾಕೇ?

ಸಾಲದು. ಮೇಲಿನ ಮಹಡಿಯನ್ನು ಪಕ್ಕಕ್ಕೆ ಸರಿಸಿ, ಶಾಲೆಯನ್ನು ಹೋಲುವ ಮ್ಯಾಪ್ ಮಾಡಬಹುದಿತ್ತು. ಆದರೆ ಆತ ಇಂಟರ್ನೆಟ್‌ಗೆ ಹಾಕಿದ್ದ ಮ್ಯಾಪ್‌ಗಳನ್ನು ನಂತರ ಬಹಳ ಜನ ತೆರೆದು, ಆಡಿ ನೋಡಿದ್ದಾರೆ. ಅವುಗಳಲ್ಲಿ ಯಾವುದೂ ಶಾಲೆಯದ್ದಲ್ಲ. ‘ಶಾಲೆಯ ಮ್ಯಾಪ್’ ಎಂಬ ಫೈಲ್ ಇವತ್ತಿನವರೆಗೂ ಸಿಕ್ಕಿಲ್ಲ.

ವದಂತಿಯ ಮರೆಯಲ್ಲಿ ಉಳಿದ ಸತ್ಯ

ಎಚ್ಚರಿಕೆಯ ಗಂಟೆ ಬೇರೆ ಕಡೆ ಬಾರಿಸಿತ್ತು. ಅದೇ ಹುಡುಗ ತನ್ನ ವೆಬ್‌ಸೈಟ್‌ನಲ್ಲಿ ಕೊಲೆ ಬೆದರಿಕೆ ಬರೆದಿದ್ದ, ಬಾಂಬ್ ತಯಾರಿಸಿದ್ದಾಗಿ ಹೇಳಿಕೊಂಡಿದ್ದ. ದಾಳಿಗೆ ಒಂದು ವರ್ಷ ಮೊದಲು, 1998ರಲ್ಲೇ, ಒಂದು ಕುಟುಂಬ ಇದನ್ನು ಶೆರಿಫ್ ಕಚೇರಿಗೆ ತಿಳಿಸಿತ್ತು. ಮನೆ ಶೋಧಕ್ಕೆ ಅನುಮತಿ ಕೋರುವ ಕರಡು ಕೂಡ ತಯಾರಾಗಿತ್ತು. ಆದರೆ ಶೋಧ ನಡೆಯಲೇ ಇಲ್ಲ. ಎಲ್ಲರೂ ಇಲ್ಲದ ಮ್ಯಾಪ್ ಬಗ್ಗೆ ಮಾತಾಡಿದಷ್ಟೂ, ಇದ್ದ ಬೆದರಿಕೆಯನ್ನು ಏಕೆ ಕಡೆಗಣಿಸಲಾಯಿತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ನಾವು ಏನು ಮಾಡಬೇಕು?

ಮಗು ಎಡಿಟರ್‌ನಲ್ಲಿ ತನ್ನ ಮನೆಯನ್ನೋ ಶಾಲೆಯನ್ನೋ ಕಟ್ಟುತ್ತಿದ್ದರೆ ಗಾಬರಿಯಾಗಬೇಡಿ. ಮ್ಯಾಪ್ ಕಲಿಯುವವರು ತಮಗೆ ಚೆನ್ನಾಗಿ ಗೊತ್ತಿರುವ ಜಾಗದಿಂದ ಶುರುಮಾಡುವುದು ತೀರಾ ಸಾಮಾನ್ಯ. ಪಕ್ಕದಲ್ಲಿ ಕುಳಿತು “ಇದನ್ನು ಹೇಗೆ ಮಾಡಿದೆ?” ಎಂದು ಕೇಳಿ. ಯಾರದ್ದಾದರೂ ಹೆಸರು ಹಿಡಿದು ಬೆದರಿಕೆ ಹಾಕುವುದು, ಆಯುಧ ಹೊಂದಿಸುವ ಮಾತಾಡುವುದು ಕಂಡರೆ ಮಾತ್ರ ಗಂಭೀರವಾಗಿ ತೆಗೆದುಕೊಂಡು ತಕ್ಷಣ ನೆರವು ಪಡೆಯಿರಿ.

ಇನ್ನು “ಗೇಮ್‌ನಲ್ಲಿ ಅಭ್ಯಾಸ ಮಾಡಿ ಕೊಂದ” ಎಂಬ ಸಂದೇಶ ನಿಮ್ಮ ಫೋನ್‌ಗೆ ಬಂದರೆ, ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: “ಆ ಮ್ಯಾಪ್ ಎಲ್ಲಿದೆ?” ಉತ್ತರ ಸಿಗುವವರೆಗೆ ಫಾರ್ವರ್ಡ್ ಮಾಡಬೇಡಿ.